ಸವ್ಯಸಾಚಿಯ ಪೇಟ

ಈಶ್ವರಣ್ಣಾ,

ನಮಸ್ಕಾರಕ್ಕೆ ಎರಡೂ ಕೈ ಬೇಕು. ನನ್ನದೊಂದು ಪೆನ್ನು ಹಿಡಿದಿದೆ, ಹಾಗಾಗಿ ನಮಸ್ಕಾರ ಬಿಟ್ಟಿದ್ದೇನೆ.

ಹೊಸಪೇಟೆಯ ಸರ್ಕಲ್ಲಿನಲ್ಲಿ ನಿನ್ನ ಫ್ಲೆಕ್ಸ್ ನೋಡಿದೆ. ಕೂಲಿಂಗ್ ಗ್ಲಾಸು, ಕೈಮುಗಿದ ಭಂಗಿ, ಹೆಸರಿನ ಮೇಲೆ ‘ಸವ್ಯಸಾಚಿ’ ಎಂಬ ಬಿರುದು. ಎರಡೂ ಕೈಯಲ್ಲಿ ಬಾಣ ಬಿಡುತ್ತಿದ್ದ ಅರ್ಜುನನ ಹೆಸರು, ಪಾಪ. ಕೊಟ್ಟವರು ಯಾರೆಂದು ವಿಚಾರಿಸಿದೆ. ಬಿರುದು ಕೊಟ್ಟ ಸಂಘವೂ ನಿನ್ನದೇ, ಫ್ಲೆಕ್ಸೂ ನಿನ್ನದೇ.

ಕಂಪ್ಲಿಯಿಂದ ಹಂಪಿಗೆ ನಮ್ಮ ಮನೆಗೆ ಬಂದಾಗ ನಿನಗೆ ಬಲಗೈ ಬಿಟ್ಟರೆ ಇನ್ನೊಂದು ಕೈ ಇದ್ದದ್ದೇ ಗೊತ್ತಿರಲಿಲ್ಲ. ಒಂದೇ ಕಡೆ ಹುಟ್ಟು ಹಾಕಿ, ಹರಿಗೋಲನ್ನು ನಡುಹೊಳೆಯಲ್ಲಿ ಬುಗುರಿಯಂತೆ ತಿರುಗಿಸಿ, ಪ್ರವಾಸಿಗರ ಮುಂದೆ ವಾಂತಿ ಮಾಡಿಕೊಂಡೆ. ನನ್ನಪ್ಪ, ನಿನ್ನ ಜಂಬಯ್ಯ ಚಿಕ್ಕಪ್ಪ, ನಿನ್ನ ಬಲಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿ ಎಡಗೈ ಪಳಗಿಸಿದ. “ಎರಡೂ ಕೈ ಒಂದಾ ದಡಕ್ಕ ದುಡೀಬೇಕಲೇ,” ಎನ್ನುತ್ತಿದ್ದ.

ನೀನು ಅರ್ಧ ಮಾತ್ರ ಕಲಿತೆ. ಹರಿಗೋಲು ನಿಲ್ಲಿಸುತ್ತಾರೆಂಬ ಸುದ್ದಿ ಬಂದಾಗ ನಮ್ಮೆಲ್ಲರ ಮುಂದೆ ಬಾವುಟ ಹಿಡಿದವನು ನೀನೇ. ಗಂಟಲು ಹರಿಯುವಂತೆ ಕೂಗಿದೆ. ಹರಿಗೋಲು ಅಪಾಯ ಎಂದು ಇಲಾಖೆಯ ಸಾಹೇಬರ ಕಿವಿ ಊದಿ, ಅದೇ ವಾರ ಮೋಟಾರು ಬೋಟಿಗೆ ಪರವಾನಗಿ ಕೇಳಿದವನೂ ನೀನೇ. ನಮ್ಮ ಹರಿಗೋಲುಗಳು ದಡದಲ್ಲಿ ಬೋರಲು ಬಿದ್ದಿವೆ, ಮೇಲೆ ನಾಯಿಗಳು ಮಲಗುತ್ತವೆ. ನೀನು ಬೋಟಿನಲ್ಲಿ ಹೊಗೆ ಬಿಡುತ್ತಾ ಹೋಗುವಾಗ ನಮ್ಮ ಕಡೆ ಕೈ ಬೀಸುತ್ತೀಯಲ್ಲ, ಆ ಧೈರ್ಯಕ್ಕಾದರೂ ಒಂದು ಬಿರುದು ಕೊಡಬೇಕು.

ಈಗ ಬಿರುದಿನ ಪೇಟವನ್ನು ಗುರುವಿನ ಕೈಯಿಂದಲೇ ತೊಡಿಸಿಕೊಳ್ಳಬೇಕಂತೆ. ಕಾರು ಕಳಿಸುತ್ತೀಯಂತೆ, ಶಾಲು ಹೊದಿಸುತ್ತೀಯಂತೆ. ಅಪ್ಪ ವೇದಿಕೆ ಹತ್ತಿದರೆ ಊರಿನವರ ಬಾಯಿ ಮುಚ್ಚುತ್ತದೆ ಎಂಬ ನಿನ್ನ ಉಪಾಯ ನನಗೆ ಅರ್ಥವಾಗದ್ದೇನಲ್ಲ. ನನ್ನ ಹೆದರಿಕೆಯೂ ಅದೇ ಆಗಿತ್ತು. ನಿನ್ನನ್ನು ಮಗನಂತೆ ಸಾಕಿದ ಜೀವ, ಎಲ್ಲಿ ಕರಗಿ ಹೂಂ ಅಂದುಬಿಡುತ್ತದೋ ಎಂದು.

ಸುದ್ದಿ ಹೇಳಿದಾಗ ಅಪ್ಪ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದ. ನೀರಿಗಿಳಿಸಲಾಗದಿದ್ದರೂ ಈ ವರ್ಷದ ಡಾಂಬರು ತಪ್ಪಿಸಿಲ್ಲ. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬಲಗೈ. ಎರಡೂ ಅಂಗೈ ಕಪ್ಪಾಗಿದ್ದವು. ತಲೆ ಎತ್ತದೆಯೇ ಹೇಳಿದ:

“ಬರ್ತೀನಂತ ಹೇಳವ್ವ. ಕೈ ಮಾತ್ರ ತೊಳ್ಕಳಂಗಿಲ್ಲ.”

ಭಾನುವಾರ ಕಾರು ಕಳಿಸು ಅಣ್ಣಾ. ಪೇಟ ಬಿಳಿಯದೇ ಇರಲಿ.

ನಿನ್ನ ಎರಡೂ ಕೈ ನೂರು ಕಾಲ ಬಾಳಲಿ ಎಂದು ಹರಸುವ,
ನಿನ್ನ ತಂಗಿ
ಹೊಳೆಮ್ಮ