ಕೋಕಿಲಕ್ಕನ ಕಾರಿಗೆ ಬಿದ್ದ ಚೀಟಿಗಳು

ಕೋಕಿಲಕ್ಕ,

ನೀವು ಕೊನೆಯದಾಗಿ ಕಟ್ಟಿದ ಕಾರನ್ನು ಕಳೆದುಕೊಂಡೆ. ಇವತ್ತು ಮಧ್ಯಾಹ್ನ, ನಿಮ್ಮ ನೆನಪಿನ ರೇಸಿನಲ್ಲಿ.

ಈ ಪರದೇಶದ ಟೋರ್ಸ್‌ಲಾಂಡದಲ್ಲಿ ನಮ್ಮ ಕನ್ನಡದವರಿಗೆಲ್ಲ ಹಳೇ ಕಾರು ಬಿಚ್ಚಿ ಕಟ್ಟಿ ಮಣ್ಣಿನ ಟ್ರ್ಯಾಕಿಗೆ ಇಳಿಸುವುದನ್ನು ಕಲಿಸಿದವರು ನೀವು. ರೇಸ್ ಮುಗಿದ ಮೇಲೆ ಓಡಿದ ಕಾರನ್ನು ನಿಗದಿಯಾದ ಬೆಲೆಗೆ ಯಾರು ಕೊಳ್ಳುತ್ತೇನೆಂದರೂ ಕೊಡಲೇಬೇಕು, ಹಲವರು ಕೇಳಿದರೆ ಚೀಟಿ ಎತ್ತುತ್ತಾರೆ ಎಂಬ ನಿಯಮವನ್ನೂ ನೀವೇ ಹೇಳಿಕೊಟ್ಟಿರಿ. ಆದರೂ ನಿಮ್ಮ ಕಾರನ್ನು ಯಾರೂ ಕೇಳಲಾರರು ಎಂದುಕೊಂಡಿದ್ದೆ. ನಿಮ್ಮ ಮೇಲಿನ ಪ್ರೀತಿಗೇ ಮೂವತ್ತೊಂದು ಜನ ಚೀಟಿ ಹಾಕಿದರು.

"ಇದೊಂದನ್ನ ಬಿಟ್ಬಿಡಿ" ಎಂದು ಅಂಗಲಾಚಿದೆ. ಚೀಟಿ ಎತ್ತುವ ಮುದುಕ ಲೆನ್ನಾರ್ಟ್ ಒಪ್ಪಲಿಲ್ಲ. "ಕೋಕಿಲಾ ಒಂದು ಸಲಾನೂ ಕೊಡಲ್ಲ ಅಂದವಳಲ್ಲ" ಎಂದ.

ಕಾರು ಸಿಕ್ಕಿದ ಹುಡುಗಿ ನಿಮ್ಮಷ್ಟೇ ಕುಳ್ಳಿ. ಹಳೇ ಸೀರೆಯಲ್ಲಿ ಹೊಲಿದು ನೀವು ಬೆನ್ನಿಗೆ ಕೊಟ್ಟುಕೊಳ್ಳುತ್ತಿದ್ದ ದಿಂಬನ್ನಾದರೂ ಕೇಳೋಣವೆಂದು ಓಡಿದೆ. ಅಷ್ಟರಲ್ಲಿ ಅವಳು ಅದಕ್ಕೆ ಒರಗಿ ಕೂತಿದ್ದಳು. ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿತ್ತು. ಅವಳ ಕೈಗೆ ಕೀಲಿ ಕೊಟ್ಟು ಬಂದೆ.

ನನ್ನ ಹತ್ತಿರ ನಿಮ್ಮದು ಅನ್ನುವಂಥದ್ದು ಏನೂ ಉಳಿದಿಲ್ಲ, ಅಕ್ಕ. ಆಸ್ಪತ್ರೆಯಿಂದ ಫೋನ್ ಮಾಡಿ, "ಒಂದ್ಸಲ ಟ್ರ್ಯಾಕ್ ಹತ್ರ ಕರ್ಕೊಂಡು ಹೋಗೋ, ಸುಹಾಸ" ಅಂದಿದ್ದಿರಿ. "ಮುಂದಿನ ಶನಿವಾರ ಖಂಡಿತ, ಅಕ್ಕ" ಅಂದಿದ್ದೆ.

ನಿಮಗೆ ಕೊಡದೇ ಉಳಿದ ಆ ಶನಿವಾರ ಒಂದು ಮಾತ್ರ ಇದೆ.