ಏಳರಿಂದ ಒಂಬತ್ತರವರೆಗೆ ಉರಿದ ದೀಪ

ಭಾನುವಾರ, ತಾರೀಕು ೧೭
ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಮಗಳು ಬಿಚ್ಚಮ್ಮನಿಗೆ,

ನಿನ್ನ ತಂದೆಯ ಮನಃಪೂರ್ವಕ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ನೀನೂ ಕ್ಷೇಮವಾಗಿರುವೆಯೆಂದು ನಂಬಿ ಈ ಕೆಳಕಂಡ ಸಂಗತಿಗಳನ್ನು ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲನೆಯದಾಗಿ ಕ್ಷಮೆ. ನಿನ್ನ ಲಕೋಟೆ ಕೈಸೇರಿ ಹನ್ನೆರಡು ದಿನಗಳಾದವು. ಉತ್ತರ ತಡವಾದುದಕ್ಕೆ ಅಂಚೆಯವರನ್ನಾಗಲಿ, ನಿನ್ನ ತಾಯಿಯ ಮೊಣಕಾಲನ್ನಾಗಲಿ ಹೊಣೆ ಮಾಡಲಾರೆ, ತಡ ನನ್ನದೇ. ಎರಡನೆಯದಾಗಿ, ಈ ಪತ್ರ ನನ್ನ ಕೈಬರಹದಲ್ಲಿಲ್ಲದೆ ಟೈಪಾಗಿರುವುದನ್ನು ಕಂಡು ನೀನು ಹುಬ್ಬೇರಿಸಬಾರದು. "ಮಗಳಿಗೂ ಅರ್ಜಿ ಟೈಪ್ ಮಾಡ್ತಿದ್ದೀರಾ? ಹಂಗೇ ಒಂದು ಮೊಹರೂ ಒತ್ಬಿಡಿ," ಎಂದು ನಿನ್ನ ತಾಯಿ ಆಗಲೇ ಅಂದಾಗಿದೆ. ಹದಿನಾರನೆಯ ವಯಸ್ಸಿನಲ್ಲಿ ಕಚೇರಿಯ ಜಗಲಿಯ ಮೇಲೆ ಹಿರಿಯರ ಅರ್ಜಿಗಳನ್ನು ನಕಲು ಮಾಡುತ್ತ ಬರವಣಿಗೆ ಕಲಿತವನಿಗೆ ಪ್ರೀತಿಯೂ ಕ್ರಮಸಂಖ್ಯೆ ಹಾಕಿಕೊಂಡೇ ಬರುತ್ತದೆ. ಸಹಿಸಿಕೋ.

ನಿನ್ನ ಲೈಸೆನ್ಸಿನ ಪ್ರತಿ ತಲುಪಿತು. ನಿನ್ನ ತಾಯಿ ಅದನ್ನು ಗಟ್ಟಿಯಾಗಿ ಓದಿದಳು. ನಾನು ಎದ್ದುನಿಂತು ಕೇಳಿದೆ. "ವಿದ್ಯುತ್ ಮೇಲ್ವಿಚಾರಕಿ" ಎಂಬಲ್ಲಿಗೆ ಬಂದಾಗ ಅವಳು ನಡುವೆಯೇ ನಿಲ್ಲಿಸಿ ಸೆರಗಿನಿಂದ ಮೂಗೊರೆಸಿಕೊಂಡಳು. ನಾನು "ಇನ್ನೊಮ್ಮೆ ಓದು" ಎಂದೆ. ಹೀಗೆ ನಾಲ್ಕು ಸಲ ಓದಿಸಿದೆನೆಂಬುದು ಅವಳ ದೂರು. ಐದು ವರ್ಷದವಳಿದ್ದಾಗ ನನ್ನ ರೇಡಿಯೊವನ್ನು ಬಿಚ್ಚಿ, ತುಂಡುಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಜೋಡಿಸಿ, "ಅಪ್ಪಾ, ಇದ್ರೊಳಗೆ ಯಾರೂ ಇಲ್ಲ," ಎಂದು ವರದಿ ಒಪ್ಪಿಸಿದವಳು ನೀನು. ಬಿಚ್ಚಮ್ಮನೆಂಬ ಹೆಸರು ಬಿದ್ದದ್ದು ಅಂದೇ. ಇಂದು ಒಂದು ಇಡೀ ಕಾರ್ಖಾನೆಯ ವಿದ್ಯುತ್ತು ನಿನ್ನ ಸಹಿಯಿಲ್ಲದೆ ಮುಂದಕ್ಕೆ ಹರಿಯದು. ನಿನ್ನ ತಾಯಿಯ ಮೊಣಕಾಲು ಮುರಿದ ವರ್ಷ ನೀನು ಇದೇ ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟು ಓಡಿಬಂದು, ಮೂರು ವರ್ಷ ಹಿಂದುಳಿದೆ. ಆ ಲೆಕ್ಕ ನನ್ನ ಎದೆಯ ಮೇಲಿತ್ತು. ಇಂದು ಇಳಿಯಿತು.

ಇನ್ನು, ಹೋದ ಸಲ ಬಂದಾಗ ನೀನು ನಮ್ಮ ಮನೆಯ ಗೋಡೆಗಳಿಗೆ ಸಿಕ್ಕಿಸಿಹೋದ ಏಳು ಸ್ಮಾರ್ಟ್ ಪ್ಲಗ್ಗುಗಳ ನಡತೆಯ ಬಗ್ಗೆ. ನಿಂಬೆಹಣ್ಣಿನ ಗಾತ್ರದ ಆ ವಸ್ತುವಿನ ಮೂಲಕ ಕರೆಂಟು ಹಾಯ್ದರೆ ಸಾಕು, ಯಾವ ಯಂತ್ರ ಎಷ್ಟು ಹೊತ್ತು ನಡೆಯಿತು, ಎಷ್ಟು ಕರೆಂಟು ತಿಂದಿತು ಎಂಬುದೆಲ್ಲ ದೂರದ ನಿನ್ನ ಫೋನಿನಲ್ಲಿ ಕಾಣುವುದೆಂದೂ, ಅಲ್ಲಿಂದಲೇ ಹಚ್ಚಿ ಆರಿಸಬಹುದೆಂದೂ ನೀನು ಹೇಳಿದಾಗ ನಾನು ನಂಬಿರಲಿಲ್ಲ. "ಮಗಳು ಮನೆ ತುಂಬ ಬೇಹುಗಾರರನ್ನ ಇಟ್ಟುಹೋಗಿದ್ದಾಳೆ," ಎಂದು ನಿನ್ನ ತಾಯಿ ಎರಡು ವಾರ ಗೊಣಗಿದಳು.

ಅವಳ ಬಾಯಿ ಮುಚ್ಚಿಸಿದ್ದು ಇಸ್ತ್ರಿಪೆಟ್ಟಿಗೆ. ಆ ದಿನ ನಾನು ಹೊರಗೆ ಹೋಗಿದ್ದೆ. ಅವಳು ನನ್ನ ಬಿಳಿ ಶರಟಿನ ಮೇಲೆ ಪೆಟ್ಟಿಗೆ ಇಟ್ಟು, ಕೆಳಮನೆಯ ದರ್ಜಿಯ ಹೆಂಡತಿ ಕರೆದಳೆಂದು ಇಳಿದುಹೋಗಿ ಅಲ್ಲೇ ಬೇರುಬಿಟ್ಟಳು. ನೀನು ಫೋನ್ ಮಾಡಿದೆ.

"ಅಮ್ಮಾ, ಇಸ್ತ್ರಿಪೆಟ್ಟಿಗೆ ನಲವತ್ತು ನಿಮಿಷದಿಂದ ಕಾಯ್ತಾ ಇದೆ. ಎಲ್ಲಿದ್ದೀಯ?"

"ಇಲ್ಲೇ ಕೆಳಗೆ ಮಾತಾಡ್ತಾ ಇದ್ದೆ ಕಣೇ. ಅಯ್ಯೋ, ಓಡಿದೆ!"

"ಓಡ್ಬೇಡ, ಮೊಣಕಾಲು ಜೋಪಾನ. ನಾನು ಇಲ್ಲಿಂದಲೇ ಆರಿಸಿದ್ದೀನಿ. ನಿಧಾನಕ್ಕೆ ಹತ್ತು."

ಶರಟಿನ ಬೆನ್ನಿನ ಮೇಲೆ ಕಂದು ಬಣ್ಣದ ಮುಕ್ಕೋನ ಮೂಡಿತ್ತು. ಮೇಜಿಗೆ ಏನೂ ಆಗಿರಲಿಲ್ಲ. ಆ ಶರಟನ್ನು ಒರೆಸುಬಟ್ಟೆ ಮಾಡಲು ನಾನು ಬಿಟ್ಟಿಲ್ಲ. ದರ್ಜಿ ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ ಕೆಣಕುತ್ತಾನೆ: "ಏನು ಅರ್ಜಿ ಮೇಷ್ಟ್ರೇ, ಮಗಳು ಅಲ್ಲಿಂದ ಗುಂಡಿ ಒತ್ತಿದ್ರೆ ನೀವು ಇಲ್ಲಿ ಎದ್ದು ಕೂರ್ತೀರಂತೆ?" ನಾನು ಗಂಭೀರವಾಗಿ, "ಸದ್ಯಕ್ಕೆ ಇಬ್ರು ಮಾತ್ರ ಅವಳ ಕೈಗೆ ಸಿಕ್ಕಿಲ್ಲ, ಅವಳ ಅಮ್ಮ ಮತ್ತು ನನ್ನ ಟೈಪ್‌ರೈಟರು. ನಾನು ಯಾವತ್ತೋ ಸಿಕ್ಕಿಬಿದ್ದಾಯ್ತು," ಎನ್ನುತ್ತೇನೆ.

ಫ್ರಿಜ್ಜಿನ ಪ್ರಕರಣ ನೀನೇ ಬಲ್ಲೆ; ಆದರೆ ಅದರ ಕೊನೆ ನಿನಗೆ ತಿಳಿದಿಲ್ಲ. ಮೋಟಾರು ಬಿಡುವಿಲ್ಲದೆ ಓಡುತ್ತಿದೆಯೆಂದು ನೀನು ಅಲ್ಲಿಂದ ಎಚ್ಚರಿಸಿದ ಮೇಲೆ ರಿಪೇರಿಯವನನ್ನು ಕರೆಸಿದೆವು. ಅವನು ದೂರದಿಂದಲೇ, "ಗ್ಯಾಸ್ ಹೋಗಿದೆ, ತುಂಬಿಸ್ಬೇಕು," ಎಂದ. ನಿನ್ನ ತಾಯಿ ನೀನು ಹೇಳಿಕೊಟ್ಟಂತೆಯೇ ಬಾಗಿಲ ಸಂದಿಗೆ ಒಂದು ಹಾಳೆ ಸಿಕ್ಕಿಸಿ, ಬಾಗಿಲು ಹಾಕಿ, ಎಳೆದಳು. ಹಾಳೆ ಬೆಣ್ಣೆಯೊಳಗಿನ ಕೂದಲಿನಂತೆ ಬಂತು. "ನೋಡಪ್ಪಾ, ರಬ್ಬರ್ ಸವೆದಿದೆ. ಥಂಡಿಯೆಲ್ಲ ಇಲ್ಲಿಂದ ಹೊರಗೆ ಹೋಗ್ತಿದೆ. ಗ್ಯಾಸ್ ನಿನ್ನ ಹತ್ರಾನೇ ಇರಲಿ." ಅವನು ತಲೆ ಕೆರೆದುಕೊಂಡು, "ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು?" ಎಂದ. ನಾವಿಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಆ ಮಾತನ್ನು ಹೇಳುವ ಹಕ್ಕು ಯಾರದೆಂಬ ವಿವಾದ ಈ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಏಳನೆಯ ಪ್ಲಗ್ಗು ನನ್ನ ಮೇಜಿನ ದೀಪದ್ದು. ಪರೀಕ್ಷೆಗೆ ಇನ್ನೊಂದು ತಿಂಗಳಿರುವಾಗ ನೀನು ಕೇಳಿದ್ದು ನೆನಪಿದೆಯೇ? "ಅಪ್ಪಾ, ನಿಮ್ಮ ದೀಪ ಮೂರು ವಾರದಿಂದ ಹತ್ತೇ ಇಲ್ವಲ್ಲ. ಬಲ್ಬ್ ಹೋಗಿದ್ಯಾ?" ಕಿಟಕಿಯ ಬೆಳಕೇ ಸಾಕಾಗುತ್ತಿದೆಯೆಂದು ಹೇಳಿದೆ. ಮರುದಿನದಿಂದ ಇಂದಿನವರೆಗೆ ಸದರಿ ದೀಪವು ಸಂಜೆ ಏಳರಿಂದ ಒಂಬತ್ತರವರೆಗೆ ಒಂದು ದಿನವೂ ತಪ್ಪದೆ ಉರಿದಿದೆ. "ಈಗ ನನ್ನ ಅಪ್ಪ ಅಪ್ಪನ ಥರ ಇದ್ದಾರೆ," ಎಂದು ನೀನು ನಕ್ಕೆ. ಒಮ್ಮೆ ಎಂಟೂವರೆಗೇ ತಮಾಷೆಗೆಂದು ಅಲ್ಲಿಂದ ಆರಿಸಿ, ಬೈಗುಳಕ್ಕಾಗಿ ಕಾದು, ಕೊನೆಗೆ ನೀನೇ ಫೋನ್ ಮಾಡಿದೆ. "ಏನಪ್ಪಾ, ಆರಿಸಿ ಹತ್ತು ನಿಮಿಷ ಆಯ್ತು, ಸದ್ದೇ ಇಲ್ಲ!" ಓದಿ ಮುಗಿದಿತ್ತೆಂದು ಹೇಳಿದೆ.

ಒಂದು ಹಳೆಯ ಸಂಗತಿ ಬರೆದು ಮುಗಿಸುತ್ತೇನೆ. ನೀನು ಚಿಕ್ಕವಳಿದ್ದಾಗ ಜಗಲಿಗೆ ಒಬ್ಬರು ಬಂದು, ಆಸ್ತಿಯ ಪಾಲು ತಪ್ಪಿಸಲು, ಬದುಕಿರುವ ತಮ್ಮನನ್ನು ಕಾಣೆಯಾದವನೆಂದು ಬರೆದುಕೊಡಲು ಕೇಳಿದರು. ನಾನು ಟೈಪ್‌ರೈಟರಿನಿಂದ ಹಾಳೆಯನ್ನು ಎಳೆದು ಅವರ ಕೈಗಿತ್ತು, "ಇದು ಖಾಲಿ ಇದೆ, ನೀವೇ ತುಂಬಿಸ್ಕೊಳ್ಳಿ," ಎಂದೆ. ಐವತ್ತೊಂದು ವರ್ಷಗಳಲ್ಲಿ ಸುಳ್ಳೆಂದು ಗೊತ್ತಿದ್ದ ಒಂದು ಸಾಲನ್ನೂ ಈ ಬೆರಳುಗಳು ಒತ್ತಿಲ್ಲ. ಸಹಿ ಹಾಕುವ ಕೆಲಸ ಈಗ ನಿನ್ನದೂ ಆಗಿರುವುದರಿಂದ ಇದನ್ನು ನೆನಪಿಸಿದೆ. ಸ್ವತಃ ಅಳೆಯದೆ ಯಾವ ತಂತಿಯನ್ನೂ ಸರಿಯಿದೆಯೆಂದು ಬರೆಯಬೇಡ.

ನಿನ್ನ ಕೈ ಮುಟ್ಟಿದ ಮನೆಗಳಲ್ಲೆಲ್ಲ ಬೆಳಕಿರಲಿ. ನಿನ್ನ ಕೈಕೆಳಗಿನವರು ಬೆಳಗ್ಗೆ ಹೇಗೆ ಹೊರಟರೋ ಸಂಜೆ ಹಾಗೆಯೇ ಮನೆ ಸೇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು, ನಿನ್ನಿಂದಾಗಿ ತಲೆಯೆತ್ತಿ ನಡೆಯುವ
ನಿನ್ನ ತಂದೆ

ಮರೆತ ಮಾತು: ಹಾಗೆ ಬರೆಯುವುದು ರೂಢಿ, ಆದರೆ ಇದು ಮರೆತದ್ದಲ್ಲ. ಹನ್ನೆರಡು ದಿನ ತಡವಾದದ್ದು ಇದಕ್ಕಾಗಿಯೇ.

ಮೇಲೆ ಹೇಳಿದ ದೀಪವು ನನ್ನ ಪರವಾಗಿ ನಿನಗೆ ನಾಲ್ಕು ತಿಂಗಳು ಸುಳ್ಳು ಸಾಕ್ಷಿ ನುಡಿದಿದೆ. ನಾನು ಓದುತ್ತಿರಲಿಲ್ಲ. ನನಗೆ ಓದಲಾಗುವುದಿಲ್ಲ. ಕಣ್ಣಿನ ಪರದೆಯ ನಡುಭಾಗ ಸವೆದುಹೋಗಿದೆ. "ಹೋದದ್ದು ಬರಲ್ಲ, ಆದ್ರೆ ಅಂಚು ಉಳಿಯುತ್ತೆ, ಓಡಾಡಿಕೊಂಡಿರ್ತೀರಿ," ಎಂದರು ಕಣ್ಣಿನ ಡಾಕ್ಟರು. ಹಾಳೆಯ ನಾಲ್ಕು ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಬಾಗಿಲ ಚೌಕಟ್ಟು ಕಾಣುತ್ತದೆ, ಅದರಲ್ಲಿ ನಿಂತವರ ಮುಖ ಕಾಣುವುದಿಲ್ಲ. ಈ ಪತ್ರ ಬರೆದದ್ದು ಬೆರಳುಗಳು. ಅಕ್ಷರಗಳು ಎಲ್ಲಿವೆಯೆಂದು ಅವಕ್ಕೆ ಗೊತ್ತು. ತಪ್ಪುಗಳನ್ನು ನಿನ್ನ ತಾಯಿ ತಿದ್ದಿದ್ದಾಳೆ. ನೀನು ದೀಪ ಆರಿಸಿದ ಆ ಸಂಜೆ ನಾನು ಅದಕ್ಕೆ ಬೆನ್ನು ಹಾಕಿ, ಕೋಣೆಯ ದೊಡ್ಡ ದೀಪದ ಕೆಳಗೆ ಸುಮ್ಮನೆ ಕುಳಿತಿದ್ದೆ; ಆರಿದ್ದು ತಿಳಿಯಲೇ ಇಲ್ಲ.

ನಿನ್ನ ತಾಯಿ ಮೊದಲ ವಾರವೇ ಹಿಡಿದಳು. "ಏನ್ರೀ, ಬೆನ್ನಿಗೆ ದೀಪ ಹಚ್ಕೊಂಡು ಯಾರಿಗೆ ಬೆಳಕು ತೋರಿಸ್ತಿದ್ದೀರಿ?"

"ಮಗಳಿಗೆ," ಎಂದೆ.

ಮರುದಿನ ನಾನು ಮರೆತಾಗ ಅವಳೇ ಬಂದು ಹಚ್ಚಿದಳು. ತಿಳಿದಿದ್ದರೆ ನೀನು ಎರಡನೆಯ ಸಲವೂ ಪರೀಕ್ಷೆ ಬಿಟ್ಟು ಬರುತ್ತಿದ್ದೆ; ನಾವಿಬ್ಬರೂ ಅದನ್ನು ಬಲ್ಲೆವು.

ಲೈಸೆನ್ಸಿನಲ್ಲಿ ನಿನ್ನ ಹೆಸರು ಯಾವ ಸಾಲಿನಲ್ಲಿದೆಯೆಂದು ಕೇಳಿ, ಅಲ್ಲಿ ಬೆರಳಿಟ್ಟು, ನಾಲ್ಕು ಸಲ ಕೇಳಿದೆ. ನಾಲ್ಕು ಸಲ ಏಕೆಂಬುದು ಈಗ ನಿನಗೆ ತಿಳಿಯಿತು.

ಆ ಏಳನೆಯ ಪ್ಲಗ್ಗನ್ನು ಇಂದು ಕಿತ್ತು ರೇಡಿಯೊಗೆ ಹಾಕಿಸಿದ್ದೇನೆ. ಸಂಜೆ ಏಳಕ್ಕೆ ಅದು ನಡೆದರೆ ನಿಜವಾಗಿಯೂ ನಾನು ಕೇಳುತ್ತಿದ್ದೇನೆಂದು ತಿಳಿ.

ಕೊನೆಯದಾಗಿ ಒಂದು ವಿನಂತಿ. ರಜೆ ಸಿಕ್ಕಾಗ ಬಾ; ಅದಕ್ಕೆ ಮೊದಲು ಓಡಿ ಬರಬೇಡ. ಬಂದಾಗ ನಾನು ನಿನ್ನ ಕಡೆ ನೇರವಾಗಿ ನೋಡದೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರೆ, ಅಪ್ಪನಿಗೆ ಸಿಟ್ಟೆಂದು ತಿಳಿಯಬೇಡ. ಹಾಗೆ ತಿರುಗಿದಾಗಲೇ ನೀನು ನನಗೆ ಸ್ವಲ್ಪ ಕಾಣುವುದು.