ಬಣ್ಣದ ಮಾತ್ರೆಯ ಸಾಕ್ಷಿ

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾನಿಲ್ಲಿ ಕ್ಷೇಮವಾಗಿಲ್ಲ, ನೀವೆಲ್ಲ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ‘ಯಾಕೆ ಮನೆ ಕಡೆ ಬರ್ತಾನೇ ಇಲ್ಲ’ ಎಂದು ನೀನು ಬರೆದ ಎರಡು ಪತ್ರಕ್ಕೂ ಉತ್ತರಿಸದಿದ್ದಕ್ಕೆ ಕ್ಷಮೆ ಇರಲಿ. ಮೂರು ಸಲ ಬರೆದು ಹರಿದೆ. ಮೂರರಲ್ಲೂ ಬರೀ ಬೈಗುಳವಿತ್ತು. ಇದರಲ್ಲೂ ಇದೆ, ಸ್ವಲ್ಪ ಸೋಸಿದ್ದೇನೆ.

ಹೋದ ತಿಂಗಳು ತರಗತಿಯಲ್ಲಿ ‘ಆ’ ಹೇಳಿಕೊಡಲು ಬಾಯಿ ಅಗಲಿಸಿದಾಗ ಮುಂದಿನ ಸಾಲಿನ ಮಗುವೊಂದು, “ಮಿಸ್, ನಿಮ್ ಬಾಯಲ್ಲಿ ರಕ್ತ!” ಎಂದು ಕಿರುಚಿತು. ಅಂದೇ ಸಂಜೆ ಶಾಲೆಯ ಎದುರಿನ ಹಲ್ಲಿನ ಡಾಕ್ಟರ ಬಳಿ ಹೋದೆ. ಆಕೆ ಒಸಡು ನೋಡಿ, ಕೈಗವಸು ಬಿಚ್ಚಿ, “ಮುಟ್ಟು ಸರಿಯಾಗಿ ಆಗತ್ತಾ?” ಎಂದು ಕೇಳಿದರು. ಹಲ್ಲಿನ ಕುರ್ಚಿಯಲ್ಲಿ ಮಲಗಿಸಿ ಇದೇನು ಪ್ರಶ್ನೆ ಎಂದು ನಾನು ಕಕ್ಕಾಬಿಕ್ಕಿ. ಮುಟ್ಟು ಏರುಪೇರಾಗುವ ಪಿಸಿಓಎಸ್ ಇದೆ, ಒಂಬತ್ತು ವರ್ಷವಾಯಿತು ಎಂದೆ.

“ಹಾಗಾದ್ರೆ ಎಲ್ಲಾನೂ ಬ್ರಶ್ ಮೇಲೆ ಹಾಕ್ಬೇಡಿ,” ಅಂದರು. ಅದಿರುವವರಲ್ಲಿ ಒಸಡಿನ ಉರಿಯೂತ ಹೆಚ್ಚಾಗಿ ಕಾಣಿಸುತ್ತದಂತೆ. ಹಾರ್ಮೋನಿನ ಏರುಪೇರು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು, ಮೈಯೊಳಗೆ ಸಣ್ಣಗೆ ಹೊಗೆಯಾಡುವ ಉರಿಯೂತ, ಎಲ್ಲ ಸೇರಿ ಚೂರು ಕೊಳೆಗೂ ಒಸಡು ಕೆರಳಬಹುದು. ಯಾವುದರಿಂದ ಯಾವುದು ಎಂದು ಖಚಿತವಾಗಿ ಗೊತ್ತಿಲ್ಲ, ಆದರೆ ನಂಟಿದೆ. ಹಲ್ಲುಜ್ಜುವುದನ್ನು ಬಿಡುವ ಹಾಗಿಲ್ಲ; ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನಡೆಯಬೇಕು.

ಅಕ್ಕ, ನನಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ! ಹೆಂಗಸರ ಡಾಕ್ಟರು ಒಮ್ಮೆಯೂ ಬಾಯಿ ತೆಗೆ ಎನ್ನಲಿಲ್ಲ, “ತೂಕ ಇಳಿಸಮ್ಮಾ” ಎಂದು ಕಳಿಸಿದರು. ಅವರಿಗಾದರೂ ಬಾಯಿ ಪರವೂರು. ನೀನು? ಹಲ್ಲು ಶುಚಿಮಾಡುವುದೇ ನಿನ್ನ ಉದ್ಯೋಗ. ಈ ಕಾಯಿಲೆಯ ಸುದ್ದಿ ಅಮ್ಮನಿಗಿಂತ ಮೊದಲು ಹೇಳಿದ್ದೂ ನಿನಗೇ. ದೀಪದ ಬುಡದಲ್ಲೇ ಕತ್ತಲು.

ಆ ಭಾನುವಾರ ನೆನಪಿದೆಯಾ? ಕೊಳೆ ಇದ್ದಲ್ಲಿ ಕೆಂಪಾಗುವ ಬಣ್ಣದ ಮಾತ್ರೆಯನ್ನು ಊಟದ ಮೇಜಿನಲ್ಲಿ, ಭಾವನ ಎದುರೇ ನನ್ನಿಂದ ಅಗಿಸಿದೆ. ಹಿಂದಿನ ಒಂದು ಹಲ್ಲು ಬಿಟ್ಟರೆ ಬಣ್ಣ ಎಲ್ಲೂ ಹತ್ತಲಿಲ್ಲ. ಒಸಡು ಮಾತ್ರ ಊದಿಕೊಂಡಿತ್ತು. ಸಾಕ್ಷಿ ನಿನ್ನ ಕಣ್ಣೆದುರೇ ಇತ್ತು. ನೀನು ನಕ್ಕು, “ಕಳ್ಳಿ, ಬರೋ ಮುಂಚೆ ಗಸಗಸ ಉಜ್ಕೊಂಡು ಬಂದಿದೀಯ!” ಅಂದೆ. “ಇವಳು ಮೊದಲಿಂದಲೂ ಸೋಮಾರಿ” ಎಂದು ಅಮ್ಮ ತಾಳ ಹಾಕಿದಳು. ನಾನೂ ಪೆದ್ದಿ, ನಿಮ್ಮ ಮಾತು ನಂಬಿ ದಿನಕ್ಕೆ ನಾಲ್ಕು ಸಲ ಒಸಡು ಸವೆಯುವಂತೆ ಉಜ್ಜಿದೆ. ಈಗ ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿವೆ. ಉಳಿಸಿಕೊಳ್ಳಬಹುದು ಎಂದಿದ್ದಾರೆ.

ನಿನ್ನ ಕೈಯಿಂದ ಚಿಕಿತ್ಸೆ ಬೇಡ. ಮುಂದಿನ ತಿಂಗಳೂ ಬರುವುದಿಲ್ಲ. ಭಾವನಿಗೆ ನಮಸ್ಕಾರ, ಪುಟಾಣಿಗೆ ಮುತ್ತು. ದೇವರು ನಿನಗೆ ಒಳ್ಳೆಯದು ಮಾಡಲಿ. ಹಲ್ಲು ಕಚ್ಚಿಕೊಂಡು ಹೇಳಿದರೂ ಹಾರೈಕೆ ಹಾರೈಕೆಯೇ.

ನಿನ್ನ,
ತಂಗಿ

ವಿ.ಸೂ.: ಮಾತ್ರೆಯ ವಿಷಯ ನಾಲ್ಕು ಬೈದು ಮರೆಯಬಹುದಿತ್ತು. ಹೋದ ಸಲ ನಿನ್ನನ್ನು ಕರೆದೊಯ್ಯಲು ಕ್ಲಿನಿಕ್ಕಿಗೆ ಬಂದೆನಲ್ಲ, ಕಾಯುವ ಕೋಣೆಯ ಗೋಡೆಯಲ್ಲಿ ನನ್ನ ಬಾಯಿಯ ಫೋಟೋ ಇತ್ತು. ಆ ಭಾನುವಾರವೇ ‘ಡಾಕ್ಟರಿಗೆ ತೋರಿಸೋಕೆ ಬೇಕು’ ಎಂದು ನೀನು ತೆಗೆದುಕೊಂಡಿದ್ದು. ಕೆಳಗೆ ನಿನ್ನದೇ ಅಕ್ಷರ: ‘ಹಲ್ಲುಜ್ಜದವರ ಗತಿ’. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನು ನೋಡಿ, “ಥೂ, ಎಂಥೆಂಥ ಕೊಳಕರಿರ್ತಾರೆ ಅಲ್ವಾ?” ಎಂದಳು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡು ‘ಹೂಂ’ ಅಂದೆ, ಅಕ್ಕ.